ಸಿಪ್ಯಾನ್‌ಎಂ: ಪರ್ಲ್ ಸರ್ವರ್ ನೋಡಿಕೊಳ್ಳುವವರಿಗೆ ಬೇಕೇಬೇಕಾದ ಟೂಲ್, ಎಚ್ಚರ ತಪ್ಪದಿದ್ದರೆ

ಪರ್ಲ್ ಭಾಷೆಯಲ್ಲಿ ಬರೆದ ಹಳೆಯ ಸೈಟನ್ನು ಹೊಸ ಸರ್ವರ್‌ಗೆ ಸಾಗಿಸಿದ ಕೂಡಲೇ ಬ್ರೌಸರ್‌ನಲ್ಲಿ 500 ಎರರ್ ಬಂತೆಂದರೆ, ಬಹುಪಾಲು ಸಲ ಮಾಡ್ಯೂಲ್ (ಸ್ಕ್ರಿಪ್ಟ್ ಬಳಸುವ ಸಿದ್ಧ ಕೋಡ್) ಕೊರತೆಯೇ ಕಾರಣ. 2015ರ ಪರ್ಲ್ 5.22ರಿಂದ ಸಿಜಿಐ ಮಾಡ್ಯೂಲ್ ಕೂಡ ಪರ್ಲ್ ಜೊತೆ ಬರುವುದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಪರ್ಲ್ ಮಾಡ್ಯೂಲ್‌ಗಳ ನೆಟ್ ಭಂಡಾರವಾದ ಸಿಪ್ಯಾನ್‌ನಿಂದ ಬೇಕಾದ್ದನ್ನು ತಂದು ಹಾಕುವ ಆ ಕೆಲಸಕ್ಕೆ ಇವತ್ತಿಗೂ ನನ್ನ ಮೊದಲ ಆಯ್ಕೆ ಸಿಪ್ಯಾನ್‌ಮೈನಸ್. ತತ್ಸುಹಿಕೊ ಮಿಯಗಾವಾ 2010ರಲ್ಲಿ ಹೊರತಂದ ಇದನ್ನು ಎಲ್ಲರೂ ಕಮಾಂಡ್‌ನ ಹೆಸರಿನಿಂದಲೇ ಸಿಪ್ಯಾನ್‌ಎಂ ಎನ್ನುತ್ತಾರೆ.

ಇದರ ದೊಡ್ಡ ಗುಣ ಹಗುರ. ಪರ್ಲ್ ಜೊತೆಗೇ ಬರುವ ಸಿಪ್ಯಾನ್ ಶೆಲ್ ಮಾಡ್ಯೂಲ್‌ಗಳ ಇಡೀ ಪಟ್ಟಿಯನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ. 512 ಎಂಬಿ ಮೆಮೊರಿಯ ಸಣ್ಣ ವಿಪಿಎಸ್‌ನಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್) ಅರ್ಧ ದಾರಿಯಲ್ಲೇ ‘ಕಿಲ್ಡ್’ ಎಂದು ನಿಂತುಬಿಡುವುದುಂಟು. ಸಿಪ್ಯಾನ್‌ಎಂ ಆ ಪಟ್ಟಿಯನ್ನು ಇಳಿಸುವುದೇ ಇಲ್ಲ, ಬೇಕಾದ ಮಾಡ್ಯೂಲ್ ಎಲ್ಲಿದೆಯೆಂದು ನೆಟ್‌ನಲ್ಲಿ ಕೇಳಿ ತರುತ್ತದೆ. ಅದಕ್ಕೇ ಸರ್ವರ್‌ನ ಫೈರ್‌ವಾಲ್ ಹೊರಹೋಗುವ ದಾರಿ ಮುಚ್ಚಿದ್ದರೆ ‘ಫೈಂಡಿಂಗ್… ಆನ್ ಸಿಪ್ಯಾನ್‌ಮೆಟಾಡಿಬಿ ಫೇಲ್ಡ್’ ಎಂದು ಕೈಚೆಲ್ಲುತ್ತದೆ. ಆಗ ಮಾಡ್ಯೂಲ್‌ನ ಹೆಸರು ತಪ್ಪಾಯಿತೇ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಕರ್ಲ್ ಕಮಾಂಡ್‌ನಿಂದ ಹೊರಗಿನ ಸಂಪರ್ಕ ನೋಡಿ.

ಡೆಬಿಯನ್, ಉಬುಂಟುಗಳಲ್ಲಿ ಆಪ್ಟ್‌ನಿಂದ ‘ಸಿಪ್ಯಾನ್‌ಮೈನಸ್’ ಪ್ಯಾಕೇಜ್ ಹಾಕಿಕೊಳ್ಳಿ. ಜೊತೆಗೆ ‘ಬಿಲ್ಡ್-ಎಸೆನ್ಷಿಯಲ್’ ಕೂಡ ಇರಲಿ, ಏಕೆಂದರೆ ಸಿ ಭಾಷೆಯ ಭಾಗವಿರುವ ಮಾಡ್ಯೂಲ್‌ಗಳನ್ನು ಸರ್ವರ್‌ನಲ್ಲೇ ಕಂಪೈಲ್ ಮಾಡಬೇಕು. ಸೋಲುವುದು ಹೆಚ್ಚಾಗಿ ಇಂಥ ಮಾಡ್ಯೂಲ್‌ಗಳಲ್ಲೇ. ಎಕ್ಸ್‌ಎಂಎಲ್::ಲಿಬ್‌ಎಕ್ಸ್‌ಎಂಎಲ್‌ಗೆ ‘ಲಿಬ್‌ಎಕ್ಸ್‌ಎಂಎಲ್2-ಡೆವ್’, ನೆಟ್::ಎಸ್‌ಎಸ್‌ಲೀಗೆ ‘ಲಿಬ್‌ಎಸ್‌ಎಸ್‌ಎಲ್-ಡೆವ್’ ಮೊದಲೇ ಇರಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಜೋಡಿಸುವ ಡಿಬಿಡಿ::ಮೈಎಸ್‌ಕ್ಯೂಎಲ್‌ನದು ಇನ್ನೊಂದು ಪಂಚಾಯಿತಿ: ಅದರ 5ನೇ ಆವೃತ್ತಿಗೆ ಮೈಎಸ್‌ಕ್ಯೂಎಲ್ 8ರ ಲೈಬ್ರರಿಯೇ ಬೇಕು, ಮರಿಯಾಡಿಬಿಯ ಲೈಬ್ರರಿಯೊಂದಿಗೆ ಕಂಪೈಲ್ ಆಗುವುದಿಲ್ಲ. ಸರ್ವರ್‌ನಲ್ಲಿ ಮರಿಯಾಡಿಬಿ ಇದ್ದರೆ ಡಿಬಿಡಿ::ಮರಿಯಾಡಿಬಿ ಹಾಕಿ, ಕನೆಕ್ಷನ್ ಸಾಲಿನಲ್ಲಿ ಡ್ರೈವರ್ ಹೆಸರು ಬದಲಿಸಿ. ಇಲ್ಲವೇ ಡಿಸ್ಟ್ರೊದವರು ಕೊಡುವ ಸಿದ್ಧ ಪ್ಯಾಕೇಜನ್ನೇ ಬಳಸಿ.

ಸೋತಾಗ ಸಿಪ್ಯಾನ್‌ಎಂ ಹೇಳುವುದು ತೀರಾ ಕಡಿಮೆ, ಇದು ಅದರ ನಿಜವಾದ ಕೊರತೆ. ಪರದೆಯ ಮೇಲೆ ‘ಇನ್‌ಸ್ಟಾಲಿಂಗ್… ಫೇಲ್ಡ್’ ಎಂಬ ಒಂದು ಸಾಲು, ಲಾಗ್ ಫೈಲ್ ಎಲ್ಲಿದೆಯೆಂಬ ಸೂಚನೆ, ಅಷ್ಟೇ. ಹೊಸಬರು ಅಲ್ಲೇ ‘--ಫೋರ್ಸ್’ (ಟೆಸ್ಟ್ ಬಿದ್ದರೂ ಬಲವಂತವಾಗಿ ಹಾಕು) ಕೊಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೋಮ್ ಡೈರೆಕ್ಟರಿಯ ‘.ಸಿಪ್ಯಾನ್‌ಎಂ’ ಒಳಗಿನ ‘ಬಿಲ್ಡ್.ಲಾಗ್’ ತೆರೆದು, ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋಗಿ. ‘ನೋ ಸಚ್ ಫೈಲ್’ ಎಂಬ ಮಾತಿಗೆ ಮುಂಚೆ ‘.ಎಚ್’ ಎಂದು ಮುಗಿಯುವ ಹೆಸರಿದ್ದರೆ, ಕಂಪೈಲ್‌ಗೆ ಬೇಕಾದ ಹೆಡರ್ ಫೈಲ್ ತರುವ ‘ಡೆವ್’ ಪ್ಯಾಕೇಜ್ ಇಲ್ಲ ಎಂದರ್ಥ. ‘--ಫೋರ್ಸ್’ನಿಂದ ಕಾಣದ ಹೆಡರ್ ಫೈಲ್ ಹುಟ್ಟಿಬರುವುದಿಲ್ಲ. ಕಂಪೈಲ್ ಸರಿಯಾಗಿ, ಟೆಸ್ಟ್ ಮಾತ್ರ ಬಿದ್ದಿದ್ದರೆ ಯಾವ ಟೆಸ್ಟ್ ಎಂದು ನೋಡಿ. ಹೊರಗಿನ ಸರ್ವರ್ ತಲುಪಲಾಗದೆ ಬಿದ್ದ ಟೆಸ್ಟ್ ಆಗಿದ್ದರೆ ಆ ಒಂದು ಮಾಡ್ಯೂಲ್‌ಗೆ ಮಾತ್ರ ‘--ನೋಟೆಸ್ಟ್’ ಕೊಡಬಹುದು.

ಎಲ್ಲಿ ಹಾಕಬೇಕು? ರೂಟ್ ಆಗಿ ಸಿಸ್ಟಮ್ ಪರ್ಲ್‌ನೊಳಕ್ಕಂತೂ ಬೇಡ. ಓಎಸ್‌ನ ಎಷ್ಟೋ ಕೆಲಸ ಅದೇ ಪರ್ಲ್ ನಂಬಿಕೊಂಡಿರುತ್ತದೆ. ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿರುವ ಗ್ರಂಥಾಲಯ ನಿರ್ವಹಣೆಯ ಸಾಫ್ಟ್‌ವೇರ್ ಕೋಹಾ ಕೂಡ ಪರ್ಲ್‌ನದೇ. ಡೆಬಿಯನ್ ಪ್ಯಾಕೇಜ್‌ನಿಂದ ಹಾಕಿದ ಕೋಹಾ ಇರುವ ಸರ್ವರ್‌ನಲ್ಲಿ ಸಿಪ್ಯಾನ್‌ಎಂನಿಂದ ಬೇರೆ ಆವೃತ್ತಿಯ ಮಾಡ್ಯೂಲ್ ತಂದು ಕೂರಿಸಿದರೆ, ಪರ್ಲ್ ಹುಡುಕುವಾಗ ಆ ಪ್ರತಿಯೇ ಮೊದಲು ಸಿಕ್ಕಿ ಕೋಹಾ ಕೆಡಬಹುದು. ನಿಮ್ಮ ಸೈಟಿಗೇ ಒಂದು ಫೋಲ್ಡರ್ ಮಾಡಿ, ದೊಡ್ಡಕ್ಷರದ ‘-ಎಲ್’ ಕೊಟ್ಟು ಅದರೊಳಗೆ ಹಾಕಿ. ಸಣ್ಣಕ್ಷರದ ‘-ಎಲ್’ ಸಿಸ್ಟಮ್‌ನಲ್ಲಿ ಈಗಾಗಲೇ ಇರುವ ಮಾಡ್ಯೂಲ್‌ಗಳನ್ನು ಬಿಟ್ಟುಬಿಡುತ್ತದೆ, ದೊಡ್ಡಕ್ಷರದ್ದು ಪರ್ಲ್‌ನ ಮೂಲ ಮಾಡ್ಯೂಲ್‌ಗಳನ್ನುಳಿದು ಬೇಕಾದ ಎಲ್ಲವನ್ನೂ ತರುತ್ತದೆ.

ಇಷ್ಟಾದ ಮೇಲೂ ವೆಬ್ ಸರ್ವರ್ ಅಪಾಚಿಯ ಎರರ್ ಲಾಗ್‌ನಲ್ಲಿ ‘ಕ್ಯಾಂಟ್ ಲೊಕೇಟ್… ಇನ್ @ಇಂಕ್’ ಎಂದೇ ಬರುತ್ತಿರುತ್ತದೆ. @ಇಂಕ್ ಎಂದರೆ ಪರ್ಲ್ ಮಾಡ್ಯೂಲ್ ಹುಡುಕುವ ಜಾಗಗಳ ಪಟ್ಟಿ. ಸಿಪ್ಯಾನ್‌ಎಂ ಕೆಟ್ಟದ್ದೆಂದು ಜನ ಬೈಯುವುದು ಇಲ್ಲೇ, ಆದರೆ ತಪ್ಪು ಅದರದಲ್ಲ. ಮಾಡ್ಯೂಲ್ ಎಲ್ಲಿದೆಯೆಂದು ಪರ್ಲ್‌ಗೆ ಹೇಳುವ ‘ಪರ್ಲ್5ಲಿಬ್’ ವೇರಿಯಬಲ್ ನಿಮ್ಮ ಶೆಲ್‌ನಲ್ಲಿ ಇರಬಹುದು, ಅಪಾಚಿಗೆ ಅದು ಗೊತ್ತಿಲ್ಲ. ‘ಸುಡೊ -ಯು’ ಕೊಟ್ಟು ಅಪಾಚಿ ಓಡುವ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಯೂಸರ್ ಹೆಸರಿನಲ್ಲಿ ಸ್ಕ್ರಿಪ್ಟನ್ನು ‘ಪರ್ಲ್ -ಸಿ’ಯಿಂದ ಪರೀಕ್ಷಿಸಿ. ಸುಡೊ ಆ ವೇರಿಯಬಲನ್ನು ಕಿತ್ತುಹಾಕುವುದರಿಂದ ಅದೇ ಎರರ್ ಕಣ್ಣೆದುರೇ ಬರುತ್ತದೆ. ಅಪಾಚಿಯ ಕಾನ್ಫಿಗ್‌ನಲ್ಲಿ ‘ಸೆಟ್‌ಎನ್ವ್’ ಸಾಲು ಸೇರಿಸಿದರೆ ಸರಿಹೋಗಬಹುದು, ಆದರೆ ಸುಎಕ್ಸೆಕ್ (ಸ್ಕ್ರಿಪ್ಟನ್ನು ಬೇರೆ ಯೂಸರ್ ಹೆಸರಿನಲ್ಲಿ ಓಡಿಸುವ ಅಪಾಚಿಯ ಸವಲತ್ತು) ಇದ್ದ ಕಡೆ ಅದು ಈ ವೇರಿಯಬಲನ್ನೂ ಒರೆಸಿಹಾಕುತ್ತದೆ, ಹೊರಗಿನ ಮಾಹಿತಿಯನ್ನು ನಂಬದ ಟೇಂಟ್ ಮೋಡ್‌ನಲ್ಲಿ ಪರ್ಲ್ ಅದನ್ನು ಗಮನಿಸುವುದೇ ಇಲ್ಲ. ಗಟ್ಟಿ ದಾರಿಯೆಂದರೆ ಸ್ಕ್ರಿಪ್ಟ್‌ನ ಆರಂಭದಲ್ಲೇ ‘ಯೂಸ್ ಲಿಬ್’ ಬರೆದು, ಆ ಫೋಲ್ಡರ್‌ನೊಳಗಿನ ‘ಲಿಬ್/ಪರ್ಲ್5’ವರೆಗೆ ಪೂರ್ತಿ ಪಾಥ್ ಕೊಡುವುದು. ಆ ಕೊನೆಯ ಎರಡು ಹಂತ ಬಿಟ್ಟರೆ ಏನೂ ಸಿಗುವುದಿಲ್ಲ.

ಕಾನ್ಫಿಗ್ ಫೈಲ್‌ಗಳದೂ ಇದೇ ಜಾತಿಯ ತೊಂದರೆ. 2017ರ ಪರ್ಲ್ 5.26ರಿಂದ ಸದ್ಯದ ಡೈರೆಕ್ಟರಿ @ಇಂಕ್‌ನಲ್ಲಿ ಇರುವುದಿಲ್ಲ. ‘ರಿಕ್ವೈರ್’ ಮೂಲಕ ‘ಕಾನ್ಫಿಗ್.ಪಿಎಲ್’ ಕರೆದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ, ಸದ್ಯ ಕಾರಣವಾದರೂ ತಿಳಿಯಿತು. ‘ಡು’ ಮೂಲಕ ಕರೆದಿದ್ದರೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ. ಪಾಸ್‌ವರ್ಡ್, ಡೇಟಾಬೇಸ್ ಹೆಸರು ಎಲ್ಲ ಖಾಲಿಯಾಗಿ ಮುಂದೆಲ್ಲೋ ಮುಗ್ಗರಿಸುತ್ತದೆ. ವಾರ್ನಿಂಗ್ಸ್ ಆಫ್ ಮಾಡಿರದಿದ್ದರೆ ಲಾಗ್‌ನಲ್ಲಿ ಸುಳಿವು ಸಿಗುತ್ತದೆ. ಫೈಲ್ ಹೆಸರಿನ ಮುಂದೆ ‘./’ ಸೇರಿಸಿ, ಅಥವಾ ಪೂರ್ತಿ ಪಾಥ್ ಬರೆಯಿರಿ.

ಓಎಸ್ ಅಪ್‌ಗ್ರೇಡ್ ಆಗಿ ಪರ್ಲ್ ಬದಲಾದ ಮೇಲೆ ‘ಲೋಡಬಲ್ ಲೈಬ್ರರಿ ಅಂಡ್ ಪರ್ಲ್ ಬೈನರೀಸ್ ಆರ್ ಮಿಸ್‌ಮ್ಯಾಚ್ಡ್’ ಎಂದರೆ ಆ ಫೋಲ್ಡರ್ ಪೂರ್ತಿ ಅಳಿಸಿ ಮತ್ತೆ ಹಾಕಿ, ಒಂದೊಂದೇ ತೇಪೆ ಹಚ್ಚಬೇಡಿ. ಬೇಕಾದ ಮಾಡ್ಯೂಲ್‌ಗಳನ್ನು ಮೊದಲೇ ‘ಸಿಪ್ಯಾನ್‌ಫೈಲ್’ನಲ್ಲಿ ಬರೆದಿಟ್ಟಿದ್ದರೆ ‘--ಇನ್‌ಸ್ಟಾಲ್‌ಡೆಪ್ಸ್’ ಒಂದೇ ಕಮಾಂಡ್ ಸಾಕು.

ಬಳಸುವ ಮುಂಚೆ ಆವೃತ್ತಿ ನೋಡಿಕೊಳ್ಳಿ. 1.7047ರವರೆಗಿನವು ಎಚ್‌ಟಿಟಿಪಿಎಸ್ ಇಲ್ಲದೆ ಕೋಡ್ ಇಳಿಸುತ್ತಿದ್ದವು, ನಡುವೆ ಯಾರು ಬೇಕಾದರೂ ಕೈಯಾಡಿಸಬಹುದಿತ್ತು. 2024ರಲ್ಲಿ ಇದಕ್ಕೆ ಸಿವಿಇ ಸಂಖ್ಯೆಯೂ (ಭದ್ರತಾ ದೋಷಗಳ ಪಟ್ಟಿಯ ಗುರುತು) ಸಿಕ್ಕಿತು, 1.7048ರಲ್ಲಿ ಸರಿಪಡಿಸಿದ್ದಾರೆ. ಹಳೆಯದನ್ನೇ ಬಳಸಬೇಕಾಗಿ ಬಂದರೆ ಪ್ರತಿ ಸಲ ‘--ಫ್ರಮ್’ ಜೊತೆ ಸಿಪ್ಯಾನ್‌ನ ಎಚ್‌ಟಿಟಿಪಿಎಸ್ ವಿಳಾಸ ಕೊಡಿ.