ಬ್ರೇಕಿನ ಗಾಳಿ ತೆಗೆಯುವ ಕೈ ವ್ಯಾಕ್ಯೂಮ್ ಪಂಪ್: ನಾಲ್ಕು ವರ್ಷಗಳ ಬಳಕೆಯ ನಂತರ

ನನ್ನ ಹಳೆಯ ಕಾರಿನ ಬ್ರೇಕ್ ಪೆಡಲ್ ಮೆತ್ತಗಾದಾಗ, ಪೆಡಲ್ ತುಳಿಯಲು ಇನ್ನೊಬ್ಬರನ್ನು ಕರೆಯದೆ ಬ್ರೇಕ್ ಆಯಿಲ್ ಹರಿಯುವ ಲೈನಿನೊಳಗೆ ಸೇರಿದ ಗಾಳಿಯನ್ನು ತೆಗೆಯಬಹುದೆಂದು ಈ ಪಂಪನ್ನು ಕೊಂಡೆ. ಬ್ರೇಕ್ ಆಯಿಲ್ ಬದಲಿಸುವುದಕ್ಕೆ ಇದು ನಿಜಕ್ಕೂ ಒಳ್ಳೆಯ ಸಾಧನ. ಆದರೆ ಪೆಡಲ್ ಮೆತ್ತಗಾದದ್ದು ಏಕೆಂದು ಕಂಡುಹಿಡಿಯಲು ಇದನ್ನು ನಂಬಬಾರದು.

ಮೊದಲ ಸಲವೇ ನಾನು ದಾರಿ ತಪ್ಪಿದೆ. ಹಿಂದಿನ ಚಕ್ರದ ನಿಪ್ಪಲನ್ನು (ಗಾಳಿ, ಆಯಿಲ್ ಹೊರಬಿಡುವ ಪುಟ್ಟ ಸ್ಕ್ರೂ) ಸಡಿಲಿಸಿ ಪಂಪ್ ಒತ್ತಿದಾಗ, ಪಾರದರ್ಶಕ ಕೊಳವೆಯಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಅರ್ಧ ಲೀಟರ್ ಆಯಿಲ್ ಖಾಲಿಯಾದರೂ ನಿಲ್ಲಲಿಲ್ಲ. ನಿಪ್ಪಲಿನ ಥ್ರೆಡ್ಡಿನ ಸುತ್ತ ಸಿಲಿಕೋನ್ ಗ್ರೀಸ್ ಹಚ್ಚಿದೊಡನೆ ಗುಳ್ಳೆಗಳು ನಿಂತವು. ಅದು ಲೈನಿನ ಗಾಳಿಯಲ್ಲ, ಪಂಪ್ ಥ್ರೆಡ್ಡಿನ ಸಂದಿನಿಂದ ಎಳೆದುಕೊಂಡ ಹೊರಗಿನ ಗಾಳಿ.

ಆಮೇಲೂ ಪೆಡಲ್ ಸರಿಯಾಗಲಿಲ್ಲ. ಒಮ್ಮೆ ತುಳಿದರೆ ಆಳಕ್ಕೆ ಹೋಗುತ್ತಿತ್ತು, ಬೆನ್ನಿಗೇ ಮತ್ತೊಮ್ಮೆ ತುಳಿದರೆ ಮೇಲೇರುತ್ತಿತ್ತು. ಗಾಳಿಯಿದ್ದರೂ ಹೀಗಾಗುತ್ತದೆ, ಹಿಂದಿನ ಚಕ್ರದ ಡ್ರಮ್ಮಿಗೆ ಒಳಗಿನಿಂದ ಒತ್ತಿ ಚಕ್ರವನ್ನು ನಿಲ್ಲಿಸುವ ಶೂಗಳು ದೂರ ಸರಿದಿದ್ದರೂ ಹೀಗಾಗುತ್ತದೆ. ಕಾರನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆದು ತುಳಿದಾಗ ಪೆಡಲ್ ಮೊದಲ ಸಲಕ್ಕೇ ಎತ್ತರದಲ್ಲಿ ಗಟ್ಟಿಯಾಗಿ ನಿಂತಿತು. ಹ್ಯಾಂಡ್ ಬ್ರೇಕ್ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತಳ್ಳಿದ್ದರಿಂದ ಹೀಗಾಯಿತು, ಅಂದರೆ ತೊಂದರೆ ಗಾಳಿಯದ್ದಲ್ಲ, ಶೂಗಳದ್ದು. ಡ್ರಮ್ ಬಿಚ್ಚಿದರೆ ಶೂಗಳ ಅಂತರವನ್ನು ಹೊಂದಿಸುವ ಅಡ್ಜಸ್ಟರ್ ತುಕ್ಕು ಹಿಡಿದು ತಿರುಗುವುದನ್ನೇ ಮರೆತಿತ್ತು. ಅದನ್ನು ಬಿಡಿಸಿ ಶೂಗಳನ್ನು ಹೊಂದಿಸಿದ ದಿನವೇ ತೊಂದರೆ ಮುಗಿಯಿತು. ಹ್ಯಾಂಡ್ ಬ್ರೇಕಿನ ಈ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಪಂಪ್ ಕೊಳ್ಳುವ ಮೊದಲೇ ಮಾಡಬೇಕಿತ್ತು. ಕಾಲನ್ನು ಒತ್ತಿ ಹಿಡಿದಂತೆಯೇ ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಪೆಡಲ್ ತುಳಿದಾಗ ಆಯಿಲನ್ನು ಲೈನಿಗೆ ಒತ್ತುವ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲನ್ನು ಸಂಶಯಿಸಬೇಕು. ಆಗ ಕಾರನ್ನು ಓಡಿಸಲೇಬಾರದು.

ಪಂಪ್ ತನ್ನ ಬೆಲೆಯನ್ನು ತೀರಿಸುವುದು ಆಯಿಲ್ ಹಳತಾದಾಗ. ಬ್ರೇಕ್ ಆಯಿಲ್ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ನೀರು ಸೇರಿದ ಆಯಿಲಿಗೆ ಆ ಮಿತಿ 155 ಡಿಗ್ರಿ ಮಾತ್ರ. ಬ್ರೇಕ್ ಕಾದು ಆಯಿಲ್ ಕುದಿಯಬಹುದಾದ ಉದ್ದನೆಯ ಇಳಿಜಾರಿನಲ್ಲಿ ಮಾತ್ರ ಪೆಡಲ್ ಮೆತ್ತಗಾಗುತ್ತಿದ್ದರೆ ಆಯಿಲನ್ನು ತಡಮಾಡದೆ ಬದಲಿಸಿ. ನಾನು ಎರಡು ವರ್ಷಕ್ಕೊಮ್ಮೆ ಒಬ್ಬನೇ ಬದಲಿಸುತ್ತೇನೆ. ಪೆಡಲನ್ನು ತಳದವರೆಗೆ ತುಳಿಯುವ ಅಗತ್ಯವಿಲ್ಲದ್ದರಿಂದ, ಹಳೆಯ ಮಾಸ್ಟರ್ ಸಿಲಿಂಡರಿನ ಸೀಲುಗಳು ತುಕ್ಕು ಹಿಡಿದ ಭಾಗಕ್ಕೆ ಉಜ್ಜಿ ಹರಿಯುವ ಭಯವೂ ಇಲ್ಲ.

ಪಂಪಿನ ಮೀಟರ್ ಇಂದಿಗೂ ಸರಿಯಾಗಿದೆ. ನಿಪ್ಪಲಿಗೆ ಕೂರುವ ರಬ್ಬರ್ ಮೂತಿ ಮಾತ್ರ ಮೂರನೆಯ ವರ್ಷ ಬಿರಿಯಿತು. ಬಿಡಿಯಾಗಿ ಸಿಕ್ಕಿದ್ದರಿಂದ ಬದಲಿಸಿಕೊಂಡೆ.