ಸಿಂಗಪುರದ ಊಟ: ಎ.ಸಿ. ರೆಸ್ಟೋರೆಂಟಿಗಿಂತ ಫ್ಯಾನಿನಡಿಯ ಪ್ಲೇಟೇ ಸೈ

ಊರಿನಿಂದ ನೆಂಟರು ಬರುತ್ತಾರೆಂದರೆ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಹೊರಗೆ ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗೋದು? ಸಣ್ಣ ಸಣ್ಣ ತಿಂಡಿ ಅಂಗಡಿಗಳು ಒಂದೇ ಸೂರಿನಡಿ ಸೇರಿರುವ, ಎ.ಸಿ. ಇಲ್ಲದ ಹಾಕರ್ ಸೆಂಟರಿಗೋ, ಮಾಲ್‌ನ ಫುಡ್ ಕೋರ್ಟಿಗೋ, ಮೇಜಿಗೆ ಬಿಳಿ ಬಟ್ಟೆ ಹಾಸಿದ ರೆಸ್ಟೋರೆಂಟಿಗೋ? ಅತ್ತೆ-ಮಾವ ಬಂದಿದ್ದಾಗ ಮೂರೂ ಕಡೆ ಸುತ್ತಿಸಿದೆವು. ನನ್ನ ಓಟು ಹಾಕರ್ ಸೆಂಟರಿಗೆ. ಮೊದಲಿನಿಂದಲೂ ಅದಕ್ಕೇ ಇತ್ತು, ರೆಸ್ಟೋರೆಂಟಿನ ಬಿಲ್ಲು ಕೈಗೆ ಬಂದ ಮೇಲಂತೂ ಗಟ್ಟಿಯಾಯಿತು.

ನಮ್ಮ ಮನೆಯ ನಾಲಿಗೆಗಳ ವಿಷಯ ಹೇಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ನಾನು ಕುಂದಾಪುರದ ಕಡೆಯವಳು, ಮೀನಿಲ್ಲದೆ ಊಟ ಸೇರುವುದಿಲ್ಲ. ಅತ್ತೆ ಶಿವಮೊಗ್ಗದವರು, ಈರುಳ್ಳಿ-ಬೆಳ್ಳುಳ್ಳಿಯನ್ನೂ ಮುಟ್ಟದವರು. ಮಾವನಿಗೆ ಊಟ ಹೇಗಿದ್ದರೂ ನಡೆಯುತ್ತದೆ, ಕಾಫಿ ಕೆಟ್ಟರೆ ದಿನ ಕೆಟ್ಟಿತು. ನಮ್ಮ ಯಜಮಾನರಿಗೆ ಎಲ್ಲವೂ ರುಚಿಯೇ. ಈ ನಾಲ್ವರೂ ಒಂದೇ ಮೇಜಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಏಳಬೇಕು, ಅಷ್ಟೇ ಪರೀಕ್ಷೆ.

ರೆಸ್ಟೋರೆಂಟ್ ಯಜಮಾನರ ಆಯ್ಕೆ. ಅಪ್ಪ-ಅಮ್ಮನ ಮದುವೆಯ ವಾರ್ಷಿಕೋತ್ಸವ ಅಂತ ನದಿ ಕಾಣುವ ಒಂದು ಚೀನೀ ರೆಸ್ಟೋರೆಂಟಿನಲ್ಲಿ ಟೇಬಲ್ ಬುಕ್ ಮಾಡಿದ್ದರು. ಹೆಸರು ಬೇಡ. ಕೂತ ಕೂಡಲೇ ಒಬ್ಬ ಹುಡುಗ ಬಂದು ಪುಟ್ಟ ತಟ್ಟೆಯಲ್ಲಿ ಬೇಯಿಸಿದ ಕಡಲೆಕಾಯಿ ಬೀಜ, ಪ್ಯಾಕೆಟ್ಟಿನಲ್ಲಿದ್ದ ನಾಲ್ಕು ಒದ್ದೆ ಟವೆಲ್ ಇಟ್ಟು ಹೋದ. ಚಹಾ ಅಂದ, ಅತ್ತೆ ತಲೆಯಾಡಿಸಿದರು. ಮಾವ ಬೀಜಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಾ, "ಎಷ್ಟು ಉಪಚಾರ ಮಾಡ್ತಾರೆ ನೋಡಮ್ಮ ಇವರು" ಅಂದರು. ತಟ್ಟೆ ಖಾಲಿಯಾಯಿತು. ಹುಡುಗ ಇನ್ನೊಂದು ತಂದಿಟ್ಟ.

ಆ ಉಪಚಾರಕ್ಕೆಲ್ಲ ರೇಟ್ ಇತ್ತು. ಬಿಲ್ಲಿನಲ್ಲಿ ಕಡಲೆಕಾಯಿ ಎರಡು ತಟ್ಟೆ, ಟವೆಲ್ ತಲೆಗೊಂದು, ಚಹಾ ತಲೆಗಿಷ್ಟು ಅಂತ ಬೇರೆ ಬೇರೆ ಸಾಲುಗಳು. ನಮ್ಮೂರಲ್ಲಿ ಹೋಟೆಲಿನವರು ಕೇಳದೇ ತಂದಿಟ್ಟದ್ದಕ್ಕೆ ಕಾಸು ಕೊಟ್ಟು ಯಾರಿಗೆ ಅಭ್ಯಾಸವಿದೆ? ಇಲ್ಲಿ ಎಷ್ಟೋ ಚೀನೀ ರೆಸ್ಟೋರೆಂಟುಗಳಲ್ಲಿ ಇದು ಮಾಮೂಲಿ. ಬೇಡವೆಂದರೆ ಕೂತ ಕೂಡಲೇ ತಟ್ಟೆಯನ್ನೂ ಟವೆಲನ್ನೂ ವಾಪಸ್ ತೆಗೆದುಕೊಂಡು ಹೋಗಲು ಹೇಳಬೇಕು. ಹಾಗೆ ಹೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಟವೆಲ್ ಪ್ಯಾಕೆಟ್ ಒಡೆದಿರೋ, ಮುಗಿಯಿತು.

ಇನ್ನೊಂದು ಕಿರಿಕಿರಿ ಮೆನುವಿನಲ್ಲೇ ಅಡಗಿರುತ್ತದೆ. ಬೆಲೆಯ ಪಕ್ಕದಲ್ಲಿ, ಇಲ್ಲವೇ ಪುಟದ ತುದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ, ಎರಡು ಕೂಡಿಸುವ ಚಿಹ್ನೆ ಇರುತ್ತದೆ: ++. ಮೊದಲನೆಯದು ಶೇ. 10 ಸರ್ವಿಸ್ ಚಾರ್ಜ್, ಎರಡನೆಯದು ಜಿ.ಎಸ್.ಟಿ. ಜಿ.ಎಸ್.ಟಿ. 2024ರ ಜನವರಿಯಿಂದ ಶೇ. 9 ಆಗಿದೆ. ಅದನ್ನು ಊಟದ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ, ಸರ್ವಿಸ್ ಚಾರ್ಜ್ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ. ಹಾಗಾಗಿ ಮೆನುವಿನಲ್ಲಿ 100 ಡಾಲರ್ ಕಂಡ ಊಟಕ್ಕೆ ಕೊನೆಗೆ 119 ಡಾಲರ್ 90 ಸೆಂಟ್. ಇಲ್ಲಿನ ಬೇರೆ ಅಂಗಡಿಗಳಲ್ಲಿ ಬೆಲೆಚೀಟಿಯಲ್ಲೇ ತೆರಿಗೆ ಸೇರಿರಬೇಕೆಂಬ ನಿಯಮವಿದೆ; ಸರ್ವಿಸ್ ಚಾರ್ಜ್ ಹಾಕುವ ಹೋಟೆಲು, ರೆಸ್ಟೋರೆಂಟುಗಳಿಗೆ ಮಾತ್ರ ಅದರಿಂದ ವಿನಾಯಿತಿ. ಸಿಂಗಪುರದ ಒಂದು ಡಾಲರೆಂದರೆ 60 ರೂಪಾಯಿಗೂ ಹೆಚ್ಚು. ಮನಸ್ಸಿನಲ್ಲೇ ಗುಣಾಕಾರ ಮಾಡುವ ಮಾವ ಆ ಬಿಲ್ಲು ನೋಡಿ ಟ್ಯಾಕ್ಸಿಯಲ್ಲಿ ಮನೆ ತಲುಪುವವರೆಗೂ ಮಾತಾಡಲಿಲ್ಲ.

ಇಷ್ಟಾದರೂ ಅತ್ತೆಯ ಹೊಟ್ಟೆ ತುಂಬಿತೇ ಅಂದರೆ, ಇಲ್ಲ. ಬೆಳ್ಳುಳ್ಳಿ ಬೇಡ ಅಂತ ಹೇಳಿಯೇ ತರಿಸಿದ್ದ ಸೊಪ್ಪಿನ ಪಲ್ಯದಲ್ಲಿ ಬೆಳ್ಳುಳ್ಳಿ ಚೂರುಗಳಿದ್ದವು. ಬರೀ ಅನ್ನ ತಿಂದು ಎದ್ದರು.

ಹಾಗಾದರೆ ಭಾರತೀಯರ ಅಂಗಡಿಗಳಿರುವ ಲಿಟಲ್ ಇಂಡಿಯಾಕ್ಕೆ ಹೋಗಬಹುದಿತ್ತಲ್ಲ ಅನ್ನುತ್ತೀರಿ. ಹೋದೆವು. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಕೋಮಲ ವಿಲಾಸ ಎಂಬ ಸಸ್ಯಾಹಾರಿ ಹೋಟೆಲ್ ಇದೆ, 2013ರಿಂದ ನಮ್ಮ ಬೆಂಗಳೂರಿನ ಎಂ.ಟಿ.ಆರ್. ಕೂಡ ಇದೆ. ಊಟ ಚೆನ್ನಾಗಿತ್ತು. ಅತ್ತೆ ಮಾತ್ರ, "ದೋಸೆ ತಿನ್ನೋಕೆ ವಿಮಾನ ಹತ್ತಬೇಕಿತ್ತಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಫುಡ್ ಕೋರ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಂಪಾಗಿರುತ್ತದೆ, ಕುರ್ಚಿ ಮೆತ್ತಗಿರುತ್ತದೆ, ಹೊರಗೆ ಮಳೆ ಹೊಯ್ಯುತ್ತಿದ್ದರೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಒಂದು ಪ್ಲೇಟಿಗೆ ಹಾಕರ್ ಸೆಂಟರಿಗಿಂತ ಎರಡು ಮೂರು ಡಾಲರ್ ಜಾಸ್ತಿ. ರುಚಿ ಮಾತ್ರ ಯಾವ ಮಾಲಿಗೆ ಹೋದರೂ ಒಂದೇ.

ಇನ್ನು ನನ್ನ ಪ್ರೀತಿಯ ಜಾಗಕ್ಕೆ ಬರುತ್ತೇನೆ. ರಸ್ತೆ ಬದಿಯಲ್ಲಿ ತಳ್ಳುಗಾಡಿ, ಬುಟ್ಟಿ ಇಟ್ಟುಕೊಂಡು ಮಾರುತ್ತಿದ್ದವರಿಗೆ ನಲ್ಲಿ, ಚರಂಡಿ, ಸೂರು ಇರುವ ಜಾಗ ಕೊಡಬೇಕೆಂದು 1970ರ ದಶಕದಲ್ಲಿ ಸರ್ಕಾರ ಸಾಲುಸಾಲಾಗಿ ಕಟ್ಟಿಸಿದ ಮಾರುಕಟ್ಟೆಗಳಿವು. ಈಗ ಊರಿಡೀ ನೂರಕ್ಕೂ ಹೆಚ್ಚಿವೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಈ ಹಾಕರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿನ ಎಷ್ಟೋ ಅಂಗಡಿಯವರು ಜೀವಮಾನವಿಡೀ ಒಂದೋ ಎರಡೋ ತಿನಿಸನ್ನೇ ಮಾಡಿಕೊಂಡು ಬಂದಿದ್ದಾರೆ. ಕೈ ಹಾಗೆ ಕುದುರಿರುತ್ತದೆ. ಮ್ಯಾಕ್ಸ್‌ವೆಲ್ ಎಂಬ ಹಾಕರ್ ಸೆಂಟರಿನಲ್ಲಿ ಚಿಕನ್ ರೈಸಿನ ಕ್ಯೂ ನೋಡಿದರೆ ಸಾಕು. ಅಲ್ಲಿ ಕೋಳಿಗಿಂತ ಅದರ ಸಾರಿನಲ್ಲಿ ಶುಂಠಿ-ಬೆಳ್ಳುಳ್ಳಿ ಹಾಕಿ ಬೇಯಿಸಿದ ಅನ್ನವೇ ನನಗೆ ಹೆಚ್ಚು ಇಷ್ಟ. ಲಕ್ಸಾ ಅಂದರೆ ಇನ್ನೂ ಪ್ರಾಣ. ತೆಂಗಿನ ಹಾಲು, ಒಣ ಸಿಗಡಿಯ ಪರಿಮಳ, ದಪ್ಪ ಅಕ್ಕಿ ಶ್ಯಾವಿಗೆ. ಅಮ್ಮ ಮಾಡುವ ಸಿಗಡಿ ಗಸಿಗೆ ಯಾರೋ ಶ್ಯಾವಿಗೆ ಸುರಿದಂತೆ.

ಅಚ್ಚರಿಯೆಂದರೆ ಅತ್ತೆಗೂ ಊಟ ಸಿಕ್ಕಿದ್ದು ಇಲ್ಲೇ, ಅದೂ ಚೀನೀಯರ ಅಂಗಡಿಯಲ್ಲಿ. ನಮ್ಮ ಮನೆ ಹತ್ತಿರದ ಹಾಕರ್ ಸೆಂಟರಿನಲ್ಲಿ ಒಂದು ಬೌದ್ಧ ಸಸ್ಯಾಹಾರಿ ಅಂಗಡಿ ಇದೆ. ಬೋರ್ಡಿನ ಮೇಲೆ ಸ್ವಸ್ತಿಕ. ಅದನ್ನು ಕಂಡೇ ಅತ್ತೆಗೆ ಅರ್ಧ ಧೈರ್ಯ ಬಂತು. ಸಂಪ್ರದಾಯದ ಚೀನೀ ಬೌದ್ಧರ ಅಡುಗೆಯಲ್ಲಿ ಮಾಂಸ ಮಾತ್ರವಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇರುವುದಿಲ್ಲ ಅಂತ ಹೇಳಿದಾಗ ಉಳಿದರ್ಧವೂ ಬಂತು. ಉತ್ತರ ಭಾರತದ ವೆಜ್ ಹೋಟೆಲುಗಳಲ್ಲೂ ಸಿಗದ ಭರವಸೆ ಇದು. ಮೊಟ್ಟೆ ಹಾಕುತ್ತಾರೆಯೇ ಎಂಬುದೊಂದನ್ನು ಕೇಳಿಕೊಂಡರೆ ಸಾಕು.

ಅಂಗಡಿಯ ಆಂಟಿ ಒಂದು ತಟ್ಟೆಗೆ ಹುರಿದ ಅಕ್ಕಿ ಶ್ಯಾವಿಗೆ, ಮೇಲೆ ಕೋಸಿನ ಪಲ್ಯ ಬಡಿಸಿ, ಕಂದು ಬಣ್ಣದ ಏನೋ ಒಂದನ್ನು ಕತ್ತರಿಯಿಂದ ಕಚ ಕಚ ಕತ್ತರಿಸಿ ಉದುರಿಸಿದರು. ಅದು ಬಾತುಕೋಳಿಯ ವೇಷದ ಸೋಯಾ. ಪಕ್ಕದಲ್ಲಿ ಇನ್ನೊಂದು ಚೌಕದ ತುಂಡು, ಒಂದು ಮಗ್ಗುಲಿಗೆ ಕರೀ ಸಿಪ್ಪೆ. ಅತ್ತೆ ಚಮಚದಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೈ ಹಿಂದೆ ತೆಗೆದರು. "ಮೀನಿನ ಚರ್ಮ ಅಲ್ವೇನೇ ಇದು?" ಅಲ್ಲ, ಸಮುದ್ರದ ಪಾಚಿಯ ಹಾಳೆ, ಒಳಗೆ ಸೋಯಾ ಅಂದೆ. "ತಿನ್ನಲ್ಲ ಅಂತ ಬಿಟ್ಟ ಮೇಲೆ ಅದರ ವೇಷ ಯಾಕೆ ಬೇಕಿತ್ತು ಇವರಿಗೆ?" ಅಂತ ಗೊಣಗುತ್ತಾ ಆ ತುಂಡನ್ನು ನನ್ನ ತಟ್ಟೆಗೆ ದಾಟಿಸಿ, ಶ್ಯಾವಿಗೆ ಪೂರ್ತಿ ಖಾಲಿ ಮಾಡಿದರು. ಆಮೇಲೆ ಊರಿಗೆ ಹೊರಡುವವರೆಗೂ ಸಂಜೆ ಅಲ್ಲಿಗೇ ಹೋಗೋಣ ಅನ್ನುತ್ತಿದ್ದರು. ಒಂದು ದಿನ ಮಾತ್ರ ಉದ್ದನೆಯ ಕ್ಯೂ. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ ಇಲ್ಲಿನ ಅನೇಕ ಚೀನೀಯರು ಸಸ್ಯಾಹಾರ ಮಾಡುತ್ತಾರೆ. ಪಂಚಾಂಗ ನೋಡುವ ಅತ್ತೆಗೆ ಲೆಕ್ಕ ತಕ್ಷಣ ಹೊಳೆಯಿತು: "ಹುಣ್ಣಿಮೆ ಅಲ್ವಾ ಇವತ್ತು!"

ಮಾವನ ಕಾಫಿಯ ಕಥೆ ಬೇರೆ. ಇಲ್ಲಿನ ಕೋಪಿಗೆ ಬೀಜವನ್ನು ಸಕ್ಕರೆ, ಮಾರ್ಗರೀನ್ ಹಾಕಿ ಕಪ್ಪಗೆ ಹುರಿಯುತ್ತಾರೆ, ಉದ್ದ ಬಟ್ಟೆಚೀಲದಲ್ಲಿ ಸೋಸುತ್ತಾರೆ. ಸುಮ್ಮನೆ ಕೋಪಿ ಅಂದರೆ ತಳದಲ್ಲಿ ಕಂಡೆನ್ಸ್ಡ್ ಮಿಲ್ಕ್ ಬರುತ್ತದೆ; ಮಾವ ಒಂದು ಗುಟುಕು ಕುಡಿದು ಪಾಯಸ ಅಂದರು. "ಕೋಪಿ ಸಿ, ಸಿಯು ದಾಯ್" ಅಂತ ಕೇಳುವುದನ್ನು ಕಲಿಸಿದೆ. ಆಗ ಕಂಡೆನ್ಸ್ಡ್ ಮಿಲ್ಕಿನ ಬದಲು ಸಿಹಿಯಿಲ್ಲದ ಗಟ್ಟಿ ಹಾಲು, ಅಂದರೆ ಇವಾಪೊರೇಟೆಡ್ ಮಿಲ್ಕ್ ಹಾಕುತ್ತಾರೆ, ಸಕ್ಕರೆಯೂ ಕಡಿಮೆ. ಎರಡೇ ದಿನದಲ್ಲಿ ಅವರೇ ಕೌಂಟರಿಗೆ ಹೋಗಿ ತರತೊಡಗಿದರು. ಡಾಲರೂವರೆಯ ಆಸುಪಾಸಿನ ಆ ಲೋಟಕ್ಕೆ ಅವರು ಗುಣಾಕಾರ ಮಾಡಿದ್ದನ್ನು ನಾನು ಕಾಣೆ.

ತೊಂದರೆಗಳಿಲ್ಲವೇ? ಇವೆ. ಮಧ್ಯಾಹ್ನ ಸೆಕೆಗೆ ಬೆವರಿಳಿಯುತ್ತದೆ. ಆಫೀಸಿನ ಹೊತ್ತಿನಲ್ಲಿ ಖಾಲಿ ಕಂಡ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಇದ್ದರೆ ಅದು ಯಾರೋ ಹಿಡಿದಿಟ್ಟ ಸೀಟು, ಕೂರುವಂತಿಲ್ಲ. ತಿಂದ ಟ್ರೇಯನ್ನು ನಾವೇ ವಾಪಸ್ ಇಡಬೇಕು. 2021ರ ಸೆಪ್ಟೆಂಬರಿನಿಂದ ಹಾಕರ್ ಸೆಂಟರುಗಳಲ್ಲಿ ಇದು ಕಡ್ಡಾಯ, ಎಚ್ಚರಿಕೆ ಕೊಟ್ಟ ಮೇಲೂ ಬಿಟ್ಟು ಹೋದರೆ 300 ಡಾಲರ್ ದಂಡ ಬೀಳಬಹುದು. ಹಲಾಲ್ ಟ್ರೇಗಳಿಗೆ ಬೇರೆ ಕಪಾಟು, ನೋಡಿಕೊಂಡು ಇಡಿ.

ನಮ್ಮ ನಾಲ್ವರ ಊಟ, ಕಾಫಿ, ಕಬ್ಬಿನ ಹಾಲು ಎಲ್ಲ ಸೇರಿ ಇಲ್ಲಿ 25 ಡಾಲರಿನ ಆಜುಬಾಜು. ಬೋರ್ಡಿನಲ್ಲಿ ಬರೆದಷ್ಟೇ ಕೊಡುವುದು, ಪ್ಲಸ್ ಇಲ್ಲ, ಮೈನಸ್ ಇಲ್ಲ. ವಾರದ ಹೆಚ್ಚುಕಡಿಮೆ ಅರ್ಧದಷ್ಟು ದಿನಗಳಲ್ಲಿ ಹೊರಗೆ ತಿನ್ನುವ ನನ್ನಂಥವರಿಗೆ ಬೇರೆ ಲೆಕ್ಕ ಹೊಂದುವುದಿಲ್ಲ. ಆಫೀಸಿನ ಅತಿಥಿಗಳನ್ನು ಕರೆದೊಯ್ಯಬೇಕು, ಕೂತು ಎರಡು ಗಂಟೆ ಮಾತಾಡಬೇಕು ಅನ್ನುವವರು ರೆಸ್ಟೋರೆಂಟಿಗೇ ಹೋಗಿ.

ನಾನೂ ಒಂದಕ್ಕೆ ಮಾತ್ರ ಅಲ್ಲಿಗೆ ಹೋಗುತ್ತೇನೆ, ಚಿಲ್ಲಿ ಕ್ರ್ಯಾಬಿಗೆ. ಮುಂದಿನ ತಿಂಗಳು ಅಕ್ಕ-ಭಾವ ಬರುತ್ತಿದ್ದಾರೆ, ಭಾವನಿಗೆ ಏಡಿ ಬೇಕೇ ಬೇಕಂತೆ. ಏಡಿಗೆ ಮೆನುವಿನಲ್ಲಿ ಬೆಲೆ ಬರೆಯದೆ ಅವತ್ತಿನ ದರ ಅಂತಷ್ಟೇ ಹಾಕಿರುತ್ತಾರೆ, ಲೆಕ್ಕ ತೂಕದ್ದು. ಕಿಲೋಗೆ ಎಷ್ಟು, ಈ ಏಡಿ ಎಷ್ಟು ತೂಗುತ್ತದೆ ಅಂತ ಎರಡನ್ನೂ ಅದು ಅಡುಗೆಮನೆಗೆ ಹೋಗುವ ಮುಂಚೆಯೇ ಕೇಳಿ. ಬಿಲ್ಲು ತಾನೇ ಕೊಡುತ್ತೇನೆ ಅಂತ ಭಾವ ಫೋನಿನಲ್ಲೇ ಹೇಳಿದ್ದಾರೆ. ಪಾಪ, ಅವರಿಗೆ ++ ವಿಷಯ ಇನ್ನೂ ಹೇಳಿಲ್ಲ.