ಬಟ್ಟೆ ಅಂಗಡಿಗೆ ಪ್ಯಾಲೆಟ್ ಮರವೋ, ಹಳೇ ಮನೆಯ ತೇಗವೋ?

ಮರುಬಳಕೆಯ ಸಾಮಾನಿನಲ್ಲಿ ಸೀರೆ ಅಂಗಡಿ ಕಟ್ಟುವವರು ಮೊದಲು ಕೈಹಾಕುವುದು ಪ್ಯಾಲೆಟ್ ಮರಕ್ಕೆ, ಅಂದರೆ ಸರಕು ಸಾಗಿಸುವಾಗ ಅಡಿಗೆ ಇಡುವ ಮರದ ಚೌಕಟ್ಟಿನ ಹಲಗೆಗೆ. ಕೈಗಾರಿಕಾ ಪ್ರದೇಶಗಳಲ್ಲಿ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಬಡಗಿಯ ಕೂಲಿ ಸೇರಿಸಿದರೆ ಆ ಅಗ್ಗ ಬಹುಪಾಲು ಅಲ್ಲೇ ಕರಗಿಹೋಗುತ್ತದೆ.

ಪ್ಯಾಲೆಟ್ಟಿನ ಮೊಳೆಗಳು ತಿರುಚಿದಂಥವು. ಮೀಟಿ ಎಬ್ಬಿಸಿದರೆ ಹಲಗೆಯ ತುದಿ ಸೀಳುತ್ತದೆ. ಸಂದಿಗೆ ಗರಗಸದ ಬ್ಲೇಡು ತೂರಿಸಿ ಮೊಳೆಯನ್ನೇ ಕೊಯ್ಯುವುದು ವಾಸಿ. ರಫ್ತಿನ ಪ್ಯಾಲೆಟ್ಟಾದರೆ ಪಕ್ಕದ ಮುದ್ರೆ ನೋಡಿ. ‘ಎಚ್‌ಟಿ’ ಎಂದಿದ್ದರೆ ಮರವನ್ನು ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದಾರೆ. ‘ಎಂಬಿ’ ಅಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಅದನ್ನು ಅಂಗಡಿಯೊಳಗೆ ತರಲೇಬೇಡಿ.

ದೊಡ್ಡ ತೊಂದರೆ ಸಿಬಿರಿನದು. 80, 120, 220 ನಂಬರಿನ ಉಪ್ಪುಕಾಗದದಲ್ಲಿ ಕ್ರಮವಾಗಿ ಉಜ್ಜಿ, ಹಳೇ ಶಿಫಾನ್ ದುಪಟ್ಟಾವನ್ನು ಹಲಗೆಯ ಮೇಲೆ ಎಳೆದು ನೋಡಿ. ನೂಲು ಸಿಕ್ಕಿದ ಕಡೆ ಮತ್ತೆ ಉಜ್ಜಬೇಕು. ಪೈನ್ ಮರದ ಗಂಟುಗಳಿಂದ ಅಂಟು ಒಸರುತ್ತದೆ, ಅದು ರೇಷ್ಮೆಗೆ ಹತ್ತಿದರೆ ಕಲೆ ಹೋಗುವುದು ಕಷ್ಟ. ಗಂಟುಗಳಿಗೆ ಅರಗಿನ ಪಾಲಿಶ್ ಎರಡು ಕೋಟ್ ಕೊಟ್ಟ ಮೇಲೇ ಪಿಯು (ಪಾಲಿಯುರಿಥೇನ್) ಪಾಲಿಶ್.

ಕೆಡವಿದ ಮನೆಯ ತೇಗ ದುಬಾರಿ. ಆದರೂ ಶೆಲ್ಫಿಗೆ ನಮ್ಮ ಆಯ್ಕೆ ಅದೇ. 30 ರೇಷ್ಮೆ ಸೀರೆಯ ಅಡುಕು ಸುಮಾರು 20 ಕೆಜಿ ತೂಗುತ್ತದೆ. ಒಂದಿಂಚಿನ ತೇಗದ ಹಲಗೆ 3 ಅಡಿ ಅಂತರದಲ್ಲೂ ಬಾಗದೆ ನಿಲ್ಲುತ್ತದೆ. ತೆಳು ಪ್ಯಾಲೆಟ್ ಹಲಗೆಗೆ ಒಂದೂವರೆ ಅಡಿಗೊಂದು ಆಧಾರ ಬೇಕು. ತೇಗವನ್ನು ಸೀಳಿಸುವ ಮುನ್ನ ಅಯಸ್ಕಾಂತ ಆಡಿಸಿ, ಒಳಗೆ ಮುರಿದುಳಿದ ಒಂದೇ ಮೊಳೆ ಗರಗಸದ ಹಲ್ಲು ಹಾರಿಸುತ್ತದೆ. ಅಂಚಿನ ಬಿಳಿ ಮರ ಹುಳು ಹಿಡಿಯುವ ಜಾಗ, ಅದನ್ನು ಕೆತ್ತಿಸಿಬಿಡಿ. ಪಾಲಿಶ್ ಆರಿದ ಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಒಂದು ರಾತ್ರಿ ಹಾಸಿಡಿ. ಹಳದಿ ಇಳಿದರೆ ಇನ್ನೊಂದು ಕೋಟ್ ಬೇಕು.

ಪ್ಯಾಲೆಟ್ ಮರ ಗೋಡೆಯ ಮೇಲ್ಭಾಗಕ್ಕೆ, ಕೌಂಟರಿನ ಮುಂಭಾಗಕ್ಕೆ ಚೆನ್ನಾಗಿ ಒಪ್ಪುತ್ತದೆ. ನೆಲ ಒರೆಸುವ ನೀರು ತಾಗುವ ಬುಡಕ್ಕೆ, ಟ್ರಯಲ್ ರೂಮಿಗೆ ಟೆಟ್ರಾ ಪ್ಯಾಕ್ ಶೀಟ್ (ಹಾಲು, ಜ್ಯೂಸಿನ ಖಾಲಿ ಪೊಟ್ಟಣ ಒತ್ತಿ ಮಾಡಿದ ಹಲಗೆ) ಇವೆರಡಕ್ಕಿಂತ ಮೇಲು: ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಬಿಸಿಯಾಗುವ ದೀಪದ ಪಕ್ಕ ಮಾತ್ರ ಹಾಕಬೇಡಿ.

ನೇತುಹಾಕಲು ಗುಜರಿಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಸಾಕು, ಮುಕ್ಕಾಲಿಂಚಿನದು. ಒಂದಿಂಚಿನ ಪೈಪಿನ ಹೊರವ್ಯಾಸ ಹೆಚ್ಚುಕಡಿಮೆ 34 ಮಿಮೀ, ಅದರ ಮೇಲೆ ಹ್ಯಾಂಗರ್ ಸಲೀಸಾಗಿ ಸರಿಯುವುದಿಲ್ಲ. ಗುಜರಿ ಅಂಗಡಿಗೆ ಹೋಗುವಾಗ ಒಂದು ಹ್ಯಾಂಗರ್ ಜೊತೆಗಿರಲಿ.